ಬಣ್ಣ ಆಮೇಲೆ, ಮೊದಲು ತಗಡು: ಹಳೇ ಕಾರಿನ ತುಕ್ಕಿಗೆ 12 ಸಾವಿರದ ಮದ್ದು



ಬೀಜ, ಗೊಬ್ಬರ, ಕೀಟದ ಬಗ್ಗೆ ಓದಲು ಬಂದವರಿಗೆ ಈ ವಾರ ಕಾರಿನ ತುಕ್ಕಿನ ಬಗ್ಗೆ ಹೇಳ್ತೀನಿ. ಬ್ಯಾಸರ ಮಾಡ್ಕೋಬೇಡಿ. ತೋಟದಲ್ಲಿ ಬೆಳೆದದ್ದು ದುಡ್ಡಾಗುವುದು ಸಂತೆಗೆ ಮುಟ್ಟಿದ ಮೇಲೆ. ಅದನ್ನು ಮುಟ್ಟಿಸುವ ಗಾಡಿಯೂ ನಮ್ಮ ಕೃಷಿ ಸಲಕರಣೆಯೇ. ಪಂಪ್‌ಸೆಟ್ ಕೆಟ್ಟರೆ ರಾತ್ರೋರಾತ್ರಿ ಓಡಾಡ್ತೀವಿ. ಗಾಡಿ ಮಾತ್ರ ನಿಂತಾಗಲೇ ನಮಗೆ ನೆನಪಾಗುವುದು.

ನನ್ನೂರು ನವಲಿ. ಪತ್ರಿಕೆಯಲ್ಲಿ ಸಮಾನಾಂತರ ಜಲಾಶಯದ ಸುದ್ದಿ ಬಂದಾಗಲೆಲ್ಲ ನೀವು ಓದುವ ಹೆಸರು. ತೋಟಗಾರಿಕೆ ಪದವಿ ಮುಗಿಸಿ, ಕೆಲ ವರ್ಷ ಒಂದು ಕಂಪನಿಯಲ್ಲಿ ದುಡಿದು, ಈಗ ಊರಲ್ಲೇ ಸಾವಯವ ತರಕಾರಿ, ಸೊಪ್ಪು, ಸ್ವಲ್ಪ ನುಗ್ಗೆ ಬೆಳೀತೀನಿ. ಮಾಲು ಕನಕಗಿರಿ, ಕಾರಟಗಿ, ಗಂಗಾವತಿಗೆ ಹೋಗುವುದು ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಬಿಳೀ ಓಮ್ನಿಯಲ್ಲಿ. 2010ರ ಫೆಬ್ರುವರಿಯಲ್ಲಿ ನೋಂದಣಿ ಆದ ಗಾಡಿ. ಅದರಲ್ಲಿ ಸೊಪ್ಪಿನ ಕಟ್ಟೂ ಹೋಗುತ್ತೆ, ಸಗಣಿ ಗೊಬ್ಬರವೂ ಬರುತ್ತೆ, ಅವ್ವನ ದವಾಖಾನೆ ಓಡಾಟವೂ ನಡೆಯುತ್ತೆ.

ಈ ಗಾಡಿಗೆ ನಾನು ಎರಡು ಸಲ ಬಣ್ಣ ಹಚ್ಚಿಸಿದ್ದೇನೆ. ಮೊದಲನೇ ಸಲ ಹಾಕಿದ ದುಡ್ಡು ದಂಡ. ಎರಡನೇ ಸಲ ಅದಕ್ಕಿಂತ ಕಮ್ಮಿ ಖರ್ಚಾಯಿತು, ಕೆಲಸವೂ ನಿಂತಿತು. ನಡುವೆ ಕಲಿತದ್ದು ಒಂದೇ: ತುಕ್ಕು ಹಿಡಿದ ಗಾಡಿಗೆ ದುಡ್ಡು ಹಾಕುವುದಾದರೆ ಮುಕ್ಕಾಲು ಪಾಲು ಕಣ್ಣಿಗೆ ಕಾಣದ ಕಡೆ ಹಾಕಬೇಕು.

ಮೊದಲ ಸಲ ಮಾಡಿದ ತಪ್ಪು

2022ರಲ್ಲಿ ತಂಗಿಯ ಮದುವೆ. ಗಾಡಿಯ ಬಾಗಿಲ ತಳದಲ್ಲಿ ಕಂದು ಗುಳ್ಳೆ ಎದ್ದಿದ್ದವು, ಮಡ್‌ಗಾರ್ಡಿನ ಅಂಚು ಪುಡಿ ಉದುರುತ್ತಿತ್ತು. ಬೀಗರ ಮುಂದೆ ಮಾನ ಹೋಗಬಾರದು ಅಂತ ಒಂದು ಪೇಂಟಿಂಗ್ ಅಂಗಡಿಗೆ ಬಿಟ್ಟೆ. "ಹದಿನೈದು ಸಾವಿರದಾಗ ಹೊಸಾದು ಮಾಡ್ಕೊಡ್ರಿ" ಅಂದೆ. ನಾಲ್ಕು ದಿನದಲ್ಲಿ ಗಾಡಿ ಕನ್ನಡಿಯಾಗಿ ಬಂತು. ಗುಳ್ಳೆ ಇದ್ದ ಜಾಗಕ್ಕೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದರು. ಒಳಗಿನ ತುಕ್ಕು ಹಾಗೇ ಇತ್ತು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಗುಳ್ಳೆ. ಎರಡನೇ ವರ್ಷ ಅಂಗೈಯಷ್ಟಗಲ ಪುಟ್ಟಿ ಹಪ್ಪಳದ ಹಾಗೆ ಎದ್ದು ಬಿತ್ತು. ಅಂಗಡಿಯವರನ್ನು ನಾನು ಬೈಯಲಾರೆ. ಅವರ ಮುಂದೆ ಮಿಂಚು ಕೇಳಿದೆ, ಮಿಂಚು ಕೊಟ್ಟರು. ತಗಡಿನ ಸುದ್ದಿ ನಾನು ಎತ್ತಲೇ ಇಲ್ಲ.

2024ರ ಆಗಸ್ಟ್‌ನಲ್ಲಿ ಇನ್ನೊಂದು ಆಯಿತು. ಅವ್ವ ಹಿಂದಿನ ಸೀಟಿನಲ್ಲಿ ಪಾಲಕ್, ಮೆಂತ್ಯದ ಗಂಟು ಹಿಡಿದು ಕೂತಿದ್ದಳು. ರಸ್ತೆಯ ತಗ್ಗಿಗೆ ಗಾಡಿ ಕುಕ್ಕಿತು. ಅವಳ ಬಲಗಾಲ ಕೆಳಗಿನ ಮ್ಯಾಟ್ ಕುಸಿಯಿತು. ಎತ್ತಿ ನೋಡಿದರೆ ಫ್ಲೋರ್ ತಗಡಿನಲ್ಲಿ ಊಟದ ತಟ್ಟೆಯಷ್ಟು ತೂತು. "ತಮ್ಮಾ, ನಿನ್ ಕಾರಿನ್ಯಾಗ ಕುಂತ್ರ ರೋಡ್ ಕಾಣತೈತಲ್ಲೋ" ಅಂತ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅದೇ ಸೀಟಿನಲ್ಲಿ ನನ್ನ ನಾಲ್ಕು ವರ್ಷದ ಮಗಳೂ ಕೂರುತ್ತಾಳೆ.

ಅದೇ ವಾರ ನಮ್ಮ ಭಾಗದ ಎಲ್ಲರ ಕಣ್ಣು ತುಂಗಭದ್ರೆಯ ಮೇಲಿತ್ತು. ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೇದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಗಿತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿ ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಿದರು. ಆ ವಾರ ಪೂರ್ತಿ ಕಟ್ಟೆಯ ಮೇಲೆ, ಚಾದಂಗಡಿಯಲ್ಲಿ ಒಂದೇ ಮಾತು: ಹಳೇ ಕಬ್ಬಿಣವನ್ನು ಮೊದಲೇ ನೋಡಬೇಕಿತ್ತು. ನಾನೂ ಅದನ್ನೇ ಜೋರಾಗಿ ಹೇಳ್ತಿದ್ದೆ. ಮನೆ ಮುಂದೆ ನಿಂತ ಗಾಡಿಯ ತಳಕ್ಕೆ ಮಾತ್ರ ಹತ್ತು ವರ್ಷದಲ್ಲಿ ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಸಮುದ್ರ ಇಲ್ಲದ ಊರಲ್ಲಿ ಇಷ್ಟು ತುಕ್ಕು ಯಾಕೆ?

ತುಕ್ಕು ಅಂದರೆ ಕಾರವಾರ, ಮಂಗಳೂರು ಕಡೆಯ ರೋಗ, ಉಪ್ಪು ಗಾಳಿಯ ಕಾಟ ಅಂತ ನಾವು ತಿಳಿದಿದ್ದೇವೆ. ನಮ್ಮದು ಬಿಸಿಲ ನಾಡು, ಇಲ್ಲಿ ಕಬ್ಬಿಣ ಒಣಗೇ ಇರುತ್ತೆ ಅನ್ನೋ ಧೈರ್ಯ. ಆದರೆ ರೈತನ ಗಾಡಿ ತನ್ನ ಸಮುದ್ರವನ್ನು ತಾನೇ ಹೊತ್ತು ತಿರುಗುತ್ತದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಆ ನೀರಲ್ಲಿ ವಿದ್ಯುತ್ ಸರಾಗ ಹರಿದು ಕೆಲಸ ಬೇಗ ನಡೆಯುತ್ತದೆ. ಈಗ ನಮ್ಮ ಗಾಡಿಯಲ್ಲಿ ಏನೇನು ಹೋಗುತ್ತೆ ನೋಡಿ. ಪೊಟ್ಯಾಷ್ ಅಂತ ನಾವು ತರುವ ಎಂಒಪಿ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ ಇರುವ ಕ್ಲೋರೈಡೇ ಅದರಲ್ಲೂ ಇದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಚೀಲ ಸೋರಿದರೆ ಗಾಳಿಯ ತೇವ ಎಳೆದು ಮ್ಯಾಟಿನ ಕೆಳಗೆ ನೀರಾಗಿ ಕೂರುತ್ತವೆ. ಕಾಲುವೆ ನೀರು ಹೆಚ್ಚಾಗಿ ಗಂಗಾವತಿ, ಕಾರಟಗಿ ಕಡೆಯ ಗದ್ದೆಗಳಲ್ಲಿ ಸವುಳು ಎದ್ದಿರುವುದು ನಿಮಗೆ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವುಳು ಮಣ್ಣಿನ ಮೇಲೇ ಸಂಶೋಧನೆ ನಡೆಯುತ್ತದೆ. ಆ ಬಿಳಿ ಉಪ್ಪಿನ ಕೆಸರು ಟೈರಿನಿಂದ ಸಿಡಿದು ಮಡ್‌ಗಾರ್ಡಿನ ಒಳಗೆ ಅಂಟುತ್ತದೆ. ಎರೆ ಮಣ್ಣಾದರೆ ಇನ್ನೂ ಕಷ್ಟ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ದಿನಗಟ್ಟಲೆ ತೇವ ಹಿಡಿದಿರುತ್ತದೆ.

ಇಷ್ಟು ಓದಿ ಸಾವಯವ ಮಿತ್ರರು ಮೀಸೆ ತಿರುವಬೇಡಿ. ನನ್ನ ಗಾಡಿಯಲ್ಲಿ ರಾಸಾಯನಿಕ ಗೊಬ್ಬರ ಹೋಗಿಲ್ಲ. ಅವ್ವನ ಕಾಲ ಕೆಳಗಿನ ತಗಡನ್ನು ತಿಂದದ್ದು ಗೋಮೂತ್ರ. 200 ಲೀಟರ್ ಜೀವಾಮೃತದ ಡ್ರಮ್ಮಿನಿಂದ ಕ್ಯಾನ್‌ಗೆ ತುಂಬಿ ಇನ್ನೊಂದು ಹೊಲಕ್ಕೆ ಒಯ್ಯುತ್ತಿದ್ದೆ. ಹಂಪಿನಲ್ಲಿ ಎಷ್ಟೋ ಸಲ ಚೆಲ್ಲಿದೆ. ಗೋಮೂತ್ರದಲ್ಲಿ ಲವಣಗಳಿವೆ, ಅದರ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ಜೀವಾಮೃತದ ಬೆಲ್ಲ ಹುಳಿತು ಆಮ್ಲವಾಗುತ್ತದೆ. ಹಸಿ ಸಗಣಿ ಗೊಬ್ಬರ ಒದ್ದೆ ಬಟ್ಟೆಯಂತೆ ತಗಡಿಗೆ ಅಂಟಿ ಕೂರುತ್ತದೆ. ಮಣ್ಣಿಗೆ ಅಮೃತ ಆದದ್ದು ಕಬ್ಬಿಣಕ್ಕೆ ವಿಷ. ಚೆಲ್ಲಿದಾಗ ನಾನು ಮ್ಯಾಟಿನ ಮೇಲಷ್ಟೇ ಒರೆಸಿ ಕೈತೊಳೆದುಕೊಂಡಿದ್ದೆ.

ಹೊಸ ಪಿಕಪ್ ಸಾಲವೋ, ಹಳೇ ಗಾಡಿಯೋ?

ಗೆಳೆಯರು ಹೇಳಿದರು, "ಮುರುಕ ಗಾಡಿಗೆ ಯಾಕ ರೊಕ್ಕ ಹಾಕ್ತಿ, ಡೌನ್ ಪೇಮೆಂಟ್ ಕಟ್ಟಿ ಪಿಕಪ್ ತಗೋ." ಲೆಕ್ಕ ಹಾಕಿದೆ. ತಿಂಗಳ ಕಂತು ಕಟ್ಟಲು ನನ್ನ ಸೊಪ್ಪಿನ ಎರಡು ವಾರದ ವ್ಯಾಪಾರ ಹೋಗುತ್ತಿತ್ತು. ಬೆಲೆ ಬಿದ್ದ ತಿಂಗಳು ಪೂರ್ತಿ ವ್ಯಾಪಾರವೇ ಕಂತಿಗೆ. ಓಮ್ನಿಯ ಎಂಜಿನ್ ಗಟ್ಟಿ ಇತ್ತು, ಟೈರು ಚೆನ್ನಾಗಿದ್ದವು. ರೋಗ ಇದ್ದದ್ದು ಚರ್ಮಕ್ಕೆ.

ಇನ್ನೊಂದು ಲೆಕ್ಕವೂ ಇತ್ತು. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ನವೀಕರಣ ಆದರೆ ಇನ್ನೈದು ವರ್ಷ ಓಡಿಸಬಹುದು. ನನ್ನ ಗಾಡಿಯ ಗಡುವು 2025ರ ಫೆಬ್ರುವರಿ. ಆ 5,000 ಕಟ್ಟುವ ಮೊದಲು ಗಾಡಿ ಐದು ವರ್ಷ ಬಾಳುತ್ತಾ ಅಂತ ತಿಳಿಯಬೇಕಿತ್ತು.

ಅದಕ್ಕೆ ನನ್ನ ಹತ್ತಿರ ಇದ್ದ ಯಂತ್ರ ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ.

ಕುಟ್ಟಿ ನೋಡಿ, ಆಮೇಲೆ ನಿರ್ಧಾರ ಮಾಡಿ

ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಮ್ಯಾಟ್, ಸೀಟು ಎಲ್ಲ ತೆಗೆಯಿರಿ. ಕೆಳಗೆ ನುಸುಳುವುದಾದರೆ ಬರೀ ಜಾಕ್ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ. ತೊಳೆದು ಒಣಗಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ತಗಡು ಟಣ್ ಅನ್ನುತ್ತೆ. ಕೊಳೆತದ್ದು ಡಬ್ ಅನ್ನುತ್ತೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ಒತ್ತಿ.

ನೋಡಬೇಕಾದ ಜಾಗಗಳು ಇವು: ಮ್ಯಾಟಿನ ಕೆಳಗಿನ ಫ್ಲೋರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಮಡ್‌ಗಾರ್ಡಿನ ಒಳಭಾಗ, ಪಕ್ಕದ ಜಾರುಬಾಗಿಲ ಕೆಳಗಿನ ಹಳಿ, ಮುಂದಿನ ಗಾಜಿನ ರಬ್ಬರ್ ಅಂಚು, ಬ್ಯಾಟರಿ ಕೂರುವ ತಟ್ಟೆ. ಪ್ರತಿ ಬಾಗಿಲ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ನನ್ನ ಗಾಡಿಯಲ್ಲಿ ಅವೆಲ್ಲ ಮಣ್ಣು ತುಂಬಿ ಮುಚ್ಚಿದ್ದವು. ಮಳೆ ನೀರು ಬಾಗಿಲ ಒಳಗೇ ನಿಂತು ತಗಡನ್ನು ಒಳಗಿನಿಂದ ತಿಂದಿತ್ತು.

ಸಿಕ್ಕ ತುಕ್ಕನ್ನು ಮೂರು ದರ್ಜೆ ಮಾಡಿ. ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಮನೆಯಲ್ಲೇ ಸರಿಹೋಗುತ್ತೆ. ಗುಳ್ಳೆ ಎದ್ದು ಪದರು ಬಿಟ್ಟಿದ್ದರೆ ಕೆರೆದು ನೋಡಿಯೇ ಹೇಳಬೇಕು. ತೂತು ಬಿದ್ದಿದ್ದರೆ ವೆಲ್ಡಿಂಗ್ ಬಿಟ್ಟು ಬೇರೆ ದಾರಿ ಇಲ್ಲ.

ನಾಲ್ಕನೇದೂ ಒಂದಿದೆ. ಚಾಸಿಯ ಉದ್ದ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟ್ ಬೋಲ್ಟು ಹಿಡಿದ ಜಾಗ ಕೊಳೆತಿದ್ದರೆ ಒಳ್ಳೇ ಟಿಂಕರ್‌ಗೆ ತೋರಿಸಿ. ಅವರು ಆಗಲ್ಲ ಅಂದರೆ ಅಲ್ಲಿಗೆ ಬಿಡಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ. ಅಂಥ ಗಾಡಿಗೆ ಬಣ್ಣ ಹೊಡೆದು ಇನ್ನೊಬ್ಬ ರೈತನಿಗೆ ಮಾರುವುದು ಪಾಪದ ಕೆಲಸ.

ನನ್ನ ಗಾಡಿಯ ಚಾಸಿ ಟಣ್ ಅಂದಿತು. ಫ್ಲೋರ್‌ನಲ್ಲಿ ಎರಡು, ರನ್ನಿಂಗ್ ಬೋರ್ಡ್‌ನಲ್ಲಿ ಒಂದು, ಬಾಗಿಲ ತಳದಲ್ಲಿ ಎರಡು ತೂತು.

ತಗಡಿನ ಕೆಲಸ

ಗಂಗಾವತಿಯಲ್ಲಿ ಒಬ್ಬ ಹಳೇ ಟಿಂಕರ್ ಇದ್ದಾರೆ, ನಾವೆಲ್ಲ ಚಾಚಾ ಅಂತೀವಿ. ಎಷ್ಟರಾಗ ಬಣ್ಣ ಆಗ್ತದ ಅಂತ ಕೇಳಿದೆ. "ಬಣ್ಣ ಆಮ್ಯಾಲ ತಮ್ಮಾ, ಮೊದ್ಲು ತಗಡು ತೋರ್ಸು" ಅಂದರು. ಹಳೇ ಪುಟ್ಟಿಯನ್ನೆಲ್ಲ ಉಳಿಯಿಂದ ಎಬ್ಬಿಸಿದರು. ಒಂದು ಪುಟ್ಟಿ ಚೂರಿನ ಹಿಂಬದಿ ನನ್ನ ಕೈಗೆ ಕೊಟ್ಟರು. ಒದ್ದೆ ಇತ್ತು. ಪುಟ್ಟಿ ನೀರು ತಡೆಯಲ್ಲ, ಹೀರುತ್ತೆ. ಮೇಲೆ ಎಷ್ಟೇ ಬಣ್ಣ ಇದ್ದರೂ ಹಿಂದಿನ ತೂತಿನಿಂದ ನೀರು ಕುಡಿದು ತುಕ್ಕಿಗೆ ಉಣಿಸುತ್ತೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಊದಿ ಬಣ್ಣವನ್ನು ಎಬ್ಬಿಸುತ್ತೆ. ನಾವು ನೋಡುವ ಗುಳ್ಳೆ ಅದೇ.

ತೂತಿನ ಸುತ್ತ ಹೊಳೆಯುವ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ, 20 ಗೇಜ್ ತಗಡಿನ ತೇಪೆ ಇಟ್ಟು ಗ್ಯಾಸ್ ವೆಲ್ಡಿಂಗ್ ಮಾಡಿದರು. ನೇಗಿಲು, ಗೇಟು ಬೆಸೆಯುವ ಆರ್ಕ್ ವೆಲ್ಡಿಂಗ್ ಅಂಗಡಿಗೆ ಕಾರಿನ ತಗಡು ಒಯ್ಯಬೇಡಿ. ಅಷ್ಟು ತೆಳು ತಗಡು ಸುಟ್ಟು ತೂತು ದೊಡ್ಡದಾಗುತ್ತೆ. ಸಿಒಟು ವೆಲ್ಡಿಂಗ್ ಇದ್ದರೆ ಅದೂ ಒಳ್ಳೇದು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿಸಿ. ಪೆಟ್ರೋಲ್ ಟ್ಯಾಂಕ್, ಪೈಪ್, ಗ್ಯಾಸ್ ಕಿಟ್ ಹತ್ತಿರ ಬೆಂಕಿ ಹೋಗುವುದಾದರೆ ಅವನ್ನು ಇಳಿಸದೆ ಕೆಲಸ ಶುರು ಮಾಡಿಸಬೇಡಿ. ಹತ್ತು ನಿಮಿಷದ ಅವಸರಕ್ಕೆ ಗಾಡಿಯೂ ಹೋದೀತು, ಜೀವವೂ ಹೋದೀತು.

ಮನೆಯಲ್ಲಿ ನಾನು ಮಾಡಿದ್ದು

ಉಳಿದ ಕೆಲಸ 2025ರ ಜನವರಿಯಲ್ಲಿ ನಾನೇ ಮಾಡಿದೆ. ಜನವರಿಯನ್ನೇ ಆರಿಸಲು ಕಾರಣ ಇದೆ. ಮಳೆಗಾಲದಲ್ಲಿ ತೇವ ಬಣ್ಣದಡಿ ಸಿಕ್ಕಿಕೊಳ್ಳುತ್ತೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬಣ್ಣ ಹರಡುವ ಮೊದಲೇ ಒಣಗಿ ಬ್ರಶ್ಶಿನ ಗೆರೆ ಉಳಿಯುತ್ತೆ. ನವೆಂಬರ್, ಡಿಸೆಂಬರಿನಲ್ಲಿ ಭತ್ತ ಕೊಯ್ಯುವ ಮಷಿನ್ನಿನ ಹೊಟ್ಟು, ಧೂಳು ಊರ ತುಂಬ. ಜನವರಿಯಲ್ಲಿ ಮಂಜು ಆರಿದ ಮೇಲೆ, ಒಂಬತ್ತರಿಂದ ಹನ್ನೆರಡರ ತನಕ, ಗಾಳಿ ಎದ್ದಿಲ್ಲದ ಹೊತ್ತು ಸರಿಯಾದದ್ದು. ನೆಲಕ್ಕೆ ನೀರು ಚಿಮುಕಿಸಿಕೊಳ್ಳಿ.

ಡ್ರಿಲ್ ಮಷಿನ್ನಿಗೆ ತಂತಿ ಬ್ರಶ್ ಹಾಕಿ ತುಕ್ಕು ಕೆರೆದೆ. ಸಂದಿಗಳಿಗೆ ಕೈ ಬ್ರಶ್. ಆಮೇಲೆ 80 ನಂಬರ್ ಎಮರಿ ಪೇಪರ್, ನಂತರ 120. ಈ ಕೆಲಸಕ್ಕೆ ಮಾಸ್ಕ್, ಕನ್ನಡಕ ಇಲ್ಲದೆ ಕೂರಬೇಡಿ. ಕೆಳಗೆ ತಾಡಪತ್ರಿ ಹಾಸಿ, ಪುಡಿಯನ್ನೆಲ್ಲ ಬಳಿದು ಕಟ್ಟಿಡಿ. ಹಳೇ ಬಣ್ಣದ ಪುಡಿ ಸೊಪ್ಪಿನ ಮಡಿಗೆ ಬಿದ್ದರೆ ನಮ್ಮ ಸಾವಯವಕ್ಕೆ ಏನು ಅರ್ಥ?

ಎಷ್ಟು ಕೆರೆದರೂ ಸಣ್ಣ ಗುಳಿಗಳಲ್ಲಿ ಕಂದು ಉಳಿಯುತ್ತೆ. ಅದಕ್ಕೆ ತುಕ್ಕು ಕನ್ವರ್ಟರ್ ಬಳಿಯಬೇಕು. ಅದರಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತೆ. ಉಳಿದ ತುಕ್ಕನ್ನು ಅದು ಗಟ್ಟಿ ಕಪ್ಪು ಪದರವಾಗಿ ಬದಲಾಯಿಸುತ್ತೆ. ದಾಳಿಂಬೆ ಸಿಪ್ಪೆಯನ್ನು ಕಬ್ಬಿಣದ ಚಾಕುವಿನಿಂದ ಕೊಯ್ದಾಗ ಕಪ್ಪಾಗುವುದನ್ನು ಕುಷ್ಟಗಿ ಕಡೆಯವರು ನೋಡಿರ್ತೀರಿ. ಸಿಪ್ಪೆಯ ಟ್ಯಾನಿನ್ ಕಬ್ಬಿಣದ ಜತೆ ಸೇರಿ ಆಗುವ ಬಣ್ಣ ಅದು. ಹಾಗಂತ ದಾಳಿಂಬೆ ಸಿಪ್ಪೆ ಕುದಿಸಿ ಗಾಡಿಗೆ ಬಳಿಯಬೇಡಿ. ಹುಣಸೆ, ನಿಂಬೆರಸವೂ ಅಷ್ಟೇ. ಕುಡುಗೋಲಿಗೆ ತಿಕ್ಕಿ ತೊಳೆದು ಎಣ್ಣೆ ಹಚ್ಚಲು ಚೆನ್ನ. ಗಾಡಿಯ ಸಂದಿಯಲ್ಲಿ ತೊಳೆಯಲಾಗದೆ ಉಳಿದ ಹುಳಿ ಮತ್ತೆ ತಗಡನ್ನೇ ತಿನ್ನುತ್ತೆ.

ಮಾರನೇ ದಿನ ಎಪಾಕ್ಸಿ ಪ್ರೈಮರ್, ಹಾರ್ಡನರ್ ಬೆರೆಸಿ ಎರಡು ಕೋಟು. ರೆಡ್ ಆಕ್ಸೈಡ್ ಅಗ್ಗ, ನಿಜ. ಆದರೆ ಬರೀ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಅದು ನೀರು ಬಿಡುತ್ತೆ. ಟ್ರೇಲರ್‌ಗೆ ಕೆಂಪು ಬಳಿದು ವರ್ಷ ಕಳೆಯುವಷ್ಟರಲ್ಲಿ ಏನಾಗುತ್ತೆ ನೋಡಿಲ್ಲವೇ? ಪ್ರೈಮರಿನಲ್ಲಿ ಉಳಿಸುವ ಐದುನೂರು ರೂಪಾಯಿ ನನ್ನ ಪ್ರಕಾರ ಉಳಿತಾಯ ಅಲ್ಲ.

ತಳಕ್ಕೆ, ಮಡ್‌ಗಾರ್ಡ್ ಒಳಗೆ, ಪ್ರೈಮರ್ ಪೂರ್ತಿ ಒಣಗಿದ ಮೇಲೆ ಕಪ್ಪು ಅಂಡರ್‌ಬಾಡಿ ಕೋಟಿಂಗ್. ತುಕ್ಕಿನ ಮೇಲೆ, ತೇವದ ಮೇಲೆ ಇದನ್ನು ಬಳಿದರೆ ಗಾಯದ ಮೇಲೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಆಗುತ್ತೆ. ನಮ್ಮಲ್ಲಿ ಸುಟ್ಟ ಎಂಜಿನ್ ಆಯಿಲ್ ಸಿಂಪಡಿಸುವ ರೂಢಿ ಇದೆ. ನಾನು ಅದನ್ನು ಒಪ್ಪಲ್ಲ. ಅದು ರಬ್ಬರ್ ಬುಶ್ ಕೆಡಿಸುತ್ತೆ, ಹನಿಹನಿಯಾಗಿ ಹೊಲಕ್ಕೆ ಬೀಳುತ್ತೆ. ಬಾಗಿಲ ಒಳಗಿನ ಸಂದಿಗೆ ಗ್ರೀಸನ್ನು ತೆಳುವಾಗಿ ಒರೆಸಿದೆ. ನೀರು ಇಳಿಯುವ ತೂತು ಮುಚ್ಚದ ಹಾಗೆ ನೋಡಿಕೊಂಡೆ.

ಕೊನೆಗೆ ಬಣ್ಣ. ಸಿಂಥೆಟಿಕ್ ಎನಾಮೆಲ್, ನಾಲ್ಕು ಇಂಚಿನ ಫೋಮ್ ರೋಲರ್. ಸ್ವಲ್ಪ ತೆಳು ಮಾಡಿ ಎರಡು ಕೋಟು, ನಡುವೆ ಒಂದು ದಿನ ಬಿಟ್ಟು 600 ನಂಬರ್ ಪೇಪರಿನಿಂದ ನೀರು ಹಾಕಿ ಉಜ್ಜಿದೆ. ಸ್ಪ್ರೇ ಮಾಡಿದ ನುಣುಪು ಬರಲ್ಲ. ಹತ್ತು ಅಡಿ ದೂರದಿಂದ ನೋಡಿದರೆ ಗೊತ್ತಾಗಲ್ಲ, ಸಂತೆಗೆ ಅಷ್ಟು ಸಾಕು. ಎರಡು ಎಚ್ಚರಿಕೆ: ಹಾರ್ಡನರ್ ಬೆರೆಸುವ ಪಿಯು ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಐಸೊಸಯನೇಟ್ ಪುಪ್ಪುಸಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ತಡೆಯಲ್ಲ. ಎನಾಮೆಲ್ ಮೇಲೆ ಎನ್‌ಸಿ ಬಣ್ಣ ಹೊಡೆಯಬೇಡಿ, ಸುಕ್ಕುಗಟ್ಟಿ ಏಳುತ್ತೆ. ಬಣ್ಣ ಅದೇ ಬಿಳಿ ಇಟ್ಟೆ. ಆರ್‌ಸಿಯಲ್ಲಿ ಇರುವ ಬಣ್ಣ ಬದಲಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು, ಆ ಓಡಾಟ ಯಾಕೆ?

ಖರ್ಚಿನ ಲೆಕ್ಕ

ನಾನು ಕೊಟ್ಟದ್ದು ಇಷ್ಟು. ನಿಮ್ಮೂರಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು.

- ಟಿಂಕರಿಂಗ್, ವೆಲ್ಡಿಂಗ್, ತಗಡು: 5,500
- ತುಕ್ಕು ಕನ್ವರ್ಟರ್, 1 ಲೀಟರ್: 450
- ಎಪಾಕ್ಸಿ ಪ್ರೈಮರ್, ಹಾರ್ಡನರ್ ಸಹಿತ 2 ಲೀಟರ್: 1,500
- ಅಂಡರ್‌ಬಾಡಿ ಕೋಟಿಂಗ್: 1,400
- ಎನಾಮೆಲ್ ಬಣ್ಣ, 3 ಲೀಟರ್: 1,250
- ಥಿನ್ನರ್, ಟರ್ಪಂಟೈನ್: 450
- ಎಮರಿ, ತಂತಿ ಬ್ರಶ್, ರೋಲರ್, ಟೇಪ್, ಸ್ವಲ್ಪ ಪುಟ್ಟಿ: 950
- ಮಾಸ್ಕ್, ಕನ್ನಡಕ, ಕೈಗವಸು: 500

ಒಟ್ಟು 12,000 ರೂಪಾಯಿ. ಇದರಲ್ಲಿ ಮೊದಲ ನಾಲ್ಕು ಸಾಲು ಸೇರಿ 8,850. ಅಂದರೆ ಸುಮಾರು ಮುಕ್ಕಾಲು ಪಾಲು ಯಾರ ಕಣ್ಣಿಗೂ ಕಾಣಲ್ಲ. ಬಣ್ಣಕ್ಕೆ, ಥಿನ್ನರ್‌ಗೆ ಹೋದದ್ದು 1,700. ನನ್ನ ಎಂಟು ದಿನದ ದುಡಿಮೆ ಈ ಲೆಕ್ಕದಲ್ಲಿ ಇಲ್ಲ, ಅದನ್ನು ಮುಚ್ಚಿಡಲ್ಲ. ಹೊಲದಲ್ಲಿ ಕೆಲಸ ಕಮ್ಮಿ ಇದ್ದ ದಿನಗಳು ಅಂತ ಸಾಧ್ಯವಾಯಿತು. ದುಡ್ಡು ಇನ್ನೂ ಕಮ್ಮಿ ಇದ್ದರೆ ಮೇಲಿನ ಬಣ್ಣ ಮುಂದಿನ ವರ್ಷಕ್ಕೆ ಬಿಡಿ. ತೇಪೆ ಹಾಕಿದ ಕಡೆ ಮಾತ್ರ ಪ್ರೈಮರ್, ಎನಾಮೆಲ್ ಹಚ್ಚಿ ಓಡಿಸಿ. ತಗಡು ಉಳಿದರೆ ಬಣ್ಣ ಯಾವಾಗ ಬೇಕಾದರೂ ಹಚ್ಚಬಹುದು.

ಫೆಬ್ರುವರಿಯಲ್ಲಿ ತಪಾಸಣೆ ಮುಗಿದು ನೋಂದಣಿ ನವೀಕರಣ ಆಯಿತು. ಆಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಒಂದು ಮಡ್‌ಗಾರ್ಡಿನ ಅಂಚಲ್ಲಿ ಉಗುರಷ್ಟು ಜಾಗ ಮತ್ತೆ ಕೆಂಪಾಗಿತ್ತು. ಅಲ್ಲಿ ನಾನು ಸರಿಯಾಗಿ ಕೆರೆದಿರಲಿಲ್ಲ. ಕೆರೆದು, ಉಳಿದಿದ್ದ ಕನ್ವರ್ಟರ್, ಪ್ರೈಮರ್ ಹಚ್ಚಿ ಅರ್ಧ ಗಂಟೆಯಲ್ಲಿ ಮುಗಿಸಿದೆ. ಉಳಿದ ಕಡೆ ಗುಳ್ಳೆ ಇಲ್ಲ.

ಇನ್ನು ಮುಂದೆ

ರಿಪೇರಿಗಿಂತ ಅಗ್ಗವಾದದ್ದು ನೀರು. ಗೊಬ್ಬರ, ಗೋಮೂತ್ರ ಸಾಗಿಸಿದ ದಿನ ಸಂಜೆಯೇ ಮ್ಯಾಟ್ ಎತ್ತಿ ತೊಳೆಯಿರಿ, ಗದ್ದೆ ಕೆಸರಿಗೆ ಹೋದ ದಿನ ಮಡ್‌ಗಾರ್ಡ್ ಒಳಗೆ ಪೈಪ್ ಹಿಡಿಯಿರಿ. ಬಾಗಿಲು ತೆರೆದಿಟ್ಟು ಒಣಗಿಸಿ. ಬಾಗಿಲ ತಳದ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ. ಹಸಿ ಗೊಬ್ಬರದ ಕೆಳಗೆ ಅಂಚು ಎತ್ತಿದ ತಾಡಪತ್ರಿ ಹಾಸಿ. ಗೊಬ್ಬರದ ಚೀಲ ರಾತ್ರಿ ಗಾಡಿಯಲ್ಲೇ ಬಿಡಬೇಡಿ. ದನದ ಕೊಟ್ಟಿಗೆಯೊಳಗೆ ಗಾಡಿ ನಿಲ್ಲಿಸಬೇಡಿ, ಅಲ್ಲಿನ ತೇವ, ಅಮೋನಿಯಾ ಎರಡೂ ಶತ್ರು. ಆಯುಧ ಪೂಜೆಗೆ ಹೇಗೂ ತೊಳೀತೀವಿ. ಹಾರ ಹಾಕುವ ಮೊದಲು ಒಮ್ಮೆ ತಳಕ್ಕೆ ಬಗ್ಗಿ, ಸುತ್ತಿಗೆಯಿಂದ ಬಡಿದು ನೋಡಿ.

ಮೊದಲ ಸಲ ಗಾಡಿ ಮಿಂಚಿಸಿಕೊಂಡು ಬಂದಾಗ ಅಪ್ಪ ಸುತ್ತ ಒಂದು ಸುತ್ತು ಹಾಕಿ ಹೇಳಿದ್ದರು: "ಕಾರಹುಣ್ಣಿವಿಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚೋ ಮುಂದ ಮೊದ್ಲ ಮೈ ತೊಳಿತೀವಿ, ಕೋಡು ಹೆರಿತೀವಿ. ನೀ ಹೊಲಸಿನ ಮ್ಯಾಲ ಹಚ್ಚಿಸ್ಕೊಂಡು ಬಂದಿ." ಆಗ ನನಗೆ ಸಿಟ್ಟು ಬಂದಿತ್ತು. ಪದವಿ ಓದಿದವನು ನಾನು. ಗಿಡದ ಎಲೆ ಹಳದಿಯಾದರೆ ಬೇರು ನೋಡಿ, ಟಾನಿಕ್ ಹೊಡೆಯಬೇಡಿ ಅಂತ ಊರೂರಿಗೆ ಹೇಳ್ತಿದ್ದವನೂ ನಾನೇ.

ಈಗ ಅವ್ವ ಮತ್ತೆ ಅದೇ ಸೀಟಿನಲ್ಲಿ ಕೂರುತ್ತಾಳೆ. ಹತ್ತುವ ಮುಂಚೆ ಮಾತ್ರ ಕಾಲಿಂದ ಒಂದು ಸಲ ತಗಡನ್ನು ಒತ್ತಿ ನೋಡ್ತಾಳೆ. ಒತ್ತಲಿ ಬಿಡ್ರಿ. ನೀವೂ ನಾಳೆ ಬೆಳಿಗ್ಗೆ ಮಾಲು ತುಂಬುವ ಮೊದಲು ನಿಮ್ಮ ಗಾಡಿಯ ಮ್ಯಾಟ್ ಎತ್ತಿ ನೋಡಿ.